ಬದನೆಕಾಯಿ ಮೇಲೆ ಬಂದ ಅಪವಾದ: ಆಹಾರದ ಅಲರ್ಜಿ ಗೊತ್ತಾಗೋದು ಹೇಗೆ?

"ಬದನೆಕಾಯಿ ನಂಜು. ತಿಂದರೆ ಅಲರ್ಜಿ ಗ್ಯಾರಂಟಿ. ಮೈ ಮೇಲೆ ದದ್ದು ಎದ್ದರೆ ತಕ್ಷಣ ತುಪ್ಪದಲ್ಲಿ ಅರಿಶಿನ ಕಲಸಿ ಕುಡಿಸಿ, ಹತ್ತೇ ನಿಮಿಷದಲ್ಲಿ ಮಾಯ. ಕನಿಷ್ಠ ಹತ್ತು ಜನಕ್ಕೆ ಕಳಿಸಿ." ಇಂಥದ್ದೊಂದು ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ನಮ್ಮ ಮನೆಯ ಗ್ರೂಪಿಗೆ ಬಂದಾಗ ಅದನ್ನು ಓದಿ ನಕ್ಕವರು ಒಬ್ಬರೇ, ನಮ್ಮ ಸೋದರತ್ತೆ. ಬದನೆಕಾಯಿ ದೆಸೆಯಿಂದ ಎಂಟು ತಿಂಗಳು ಅರೆಹೊಟ್ಟೆಯಲ್ಲಿ ಇದ್ದವರು ಅವರು. ಕೊನೆಗೆ ನೋಡಿದರೆ ಬದನೆಕಾಯಿಯದು ಏನೂ ತಪ್ಪಿರಲಿಲ್ಲ.

ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಇಲ್ಲೂ ಅತ್ತೆ ಎಂದೇ ಕರೆಯುತ್ತೇವೆ. ವಯಸ್ಸು ಐವತ್ತು ದಾಟಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮನೆ, ನಾಗಮಂಗಲ ತವರು, ಮಗಳನ್ನು ಕೊಟ್ಟಿರುವುದು ಶ್ರೀರಂಗಪಟ್ಟಣದ ಕಡೆಗೆ. ಊಟದ ವಿಷಯದಲ್ಲಿ ಅವರಿಗೆ ಹಿಂದೆ ಯಾವತ್ತೂ ಏನೂ ಆಗಿರಲಿಲ್ಲ.

ಮೊದಲು ಆಗಿದ್ದು ಒಂದು ಸಂಕ್ರಾಂತಿಯಲ್ಲಿ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ತುಟಿ ದಪ್ಪ ಆದಂತೆ, ಗಂಟಲು ಕಡಿದಂತೆ ಆಯಿತು. ಕೊಬ್ಬರಿ ಹಳೇದಿರಬೇಕು ಎಂದುಕೊಂಡರು. ಎರಡನೆಯದು ಮೇಲುಕೋಟೆ ವೈರಮುಡಿಗೆ ಹೋದಾಗ. ಪುಳಿಯೋಗರೆ ತಿಂದು ಪಾಂಡವಪುರಕ್ಕೆ ಬರುವ ಬಸ್ಸಿನಲ್ಲಿ ತೋಳಿನ ಮೇಲೆಲ್ಲ ಗಂಧೆ ಎದ್ದವು. ಬಿಸಿಲಿಗೆ ಪಿತ್ತ ಕೆದರಿದೆ ಎಂದರು ಜೊತೆಯಲ್ಲಿದ್ದವರು. ಮೂರನೆಯದು ನಾಗಮಂಗಲದಲ್ಲಿ, ಅಣ್ಣನ ಮಗನ ಗೃಹಪ್ರವೇಶದ ಊಟದಲ್ಲಿ. ಎಲೆ ಮುಂದಿಂದ ಎದ್ದು ಇಪ್ಪತ್ತು ನಿಮಿಷ ಆಗಿರಲಿಲ್ಲ. ಮೈಯೆಲ್ಲ ದದ್ದು, ಎರಡು ಸಲ ವಾಂತಿ, ದನಿ ಕಟ್ಟಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಅವಿಲ್ ಇಂಜೆಕ್ಷನ್ ಕೊಟ್ಟರು, ಇಳಿಯಿತು. ಅವತ್ತು ಎಲೆಯಲ್ಲಿ ಎಣ್ಣೆಗಾಯಿ ಇತ್ತು. "ಬದನೆಕಾಯಿ ನಂಜು ಕಣವ್ವ, ಇನ್ಮೇಲೆ ಮುಟ್ಬೇಡ" ಎಂದು ಹಿರಿಯರು ತೀರ್ಮಾನ ಕೊಟ್ಟರು.

ಈ ತೀರ್ಮಾನ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಗಾಯ ಆದವರಿಗೆ, ಬಾಣಂತಿಯರಿಗೆ ಬದನೆಕಾಯಿ ಕೊಡುವುದಿಲ್ಲ. ಆದರೆ 'ನಂಜು' ಎಂಬ ಮಾತು ಬಹಳ ಅಗಲವಾದದ್ದು. ಕೀವಾದರೂ ನಂಜು, ಕಡಿತ ಬಂದರೂ ನಂಜು, ಹೊಟ್ಟೆ ಕೆಟ್ಟರೂ ನಂಜು. ಅಲರ್ಜಿ ಎಂಬುದು ಇದರಲ್ಲಿ ಒಂದು ಸಣ್ಣ ಮೂಲೆ ಮಾತ್ರ.

ಬದನೆಕಾಯಿ ಬಗ್ಗೆ ಮೈಸೂರಿನಲ್ಲೇ ನಡೆದ ಅಧ್ಯಯನ

ಬದನೆಕಾಯಿಗೂ ಅಲರ್ಜಿಗೂ ಇರುವ ಸಂಬಂಧವನ್ನು ಬಲು ವಿವರವಾಗಿ ನೋಡಿದವರು ನಮ್ಮ ಪಕ್ಕದ ಮೈಸೂರಿನವರೇ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಅಲ್ಲಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಹರೀಶ್ ಬಾಬು ಮತ್ತು ವೈ.ಪಿ. ವೆಂಕಟೇಶ್, ಅಲರ್ಜಿ ವೈದ್ಯ ಪಿ.ಎ. ಮಹೇಶ್ ಅವರ ಜೊತೆ ಸೇರಿ ಮೈಸೂರು ನಗರದ 741 ಜನರನ್ನು ಪರೀಕ್ಷಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಬದನೆಗೆ 'ಸಂವೇದನೆ' ಕಂಡುಬಂದದ್ದು ಸುಮಾರು ಶೇ. 9 ಜನರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಎಲ್ಲ ರೀತಿಯಲ್ಲೂ ಸೋಸಿ ನೋಡಿದ ಮೇಲೆ ನಿಜವಾದ ಅಲರ್ಜಿ ಎನ್ನಬಹುದಾದದ್ದು ಶೇ. 0.8ರಷ್ಟು ಜನರಲ್ಲಿ ಮಾತ್ರ.

ಅಂದರೆ ಬದನೆಕಾಯಿ ಅಲರ್ಜಿ ಇಲ್ಲವೇ ಇಲ್ಲ ಎನ್ನುವುದೂ ತಪ್ಪು, ತಿಂದರೆ ಗ್ಯಾರಂಟಿ ಎನ್ನುವುದೂ ತಪ್ಪು. ಇದೇ ಪ್ರಯೋಗಾಲಯ ಆಮೇಲೆ ಇನ್ನೂ ಎರಡು ವಿಷಯ ಹೇಳಿತು. ಅಲರ್ಜಿ ಉಂಟುಮಾಡುವ ಪ್ರೋಟೀನುಗಳು ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು. ಮತ್ತೆ, ಬದನೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ತಾನೇ ಇರುವುದರಿಂದ, ಹಿಸ್ಟಮಿನ್‌ಗೆ ಬೇಗ ಕೆರಳುವ ಚರ್ಮದವರಲ್ಲಿ ಚುಚ್ಚು ಪರೀಕ್ಷೆ ಮಾಡಿದರೆ ಅಲರ್ಜಿ ಇಲ್ಲದೆಯೂ ಚರ್ಮ ಉಬ್ಬಬಹುದು, 'ಪಾಸಿಟಿವ್' ಎಂದು ಬರೆದುಕೊಳ್ಳಬಹುದು.

ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಯಾವುದೋ ಆಹಾರದ ಪ್ರೋಟೀನನ್ನು ಶತ್ರು ಎಂದು ತಪ್ಪು ತಿಳಿದು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಳ್ಳುವುದನ್ನು ಸಂವೇದನೆ ಎನ್ನುತ್ತಾರೆ. ಈ ಐಜಿಇ ಹೋಗಿ ಚರ್ಮ, ಮೂಗು, ಶ್ವಾಸಕೋಶ, ಕರುಳುಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಮುಂದೆ ಅದೇ ಪ್ರೋಟೀನು ಬಂದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಮೊದಲಾದವನ್ನು ಸುರಿದರೆ ದದ್ದು, ಊತ, ಉಬ್ಬಸ, ವಾಂತಿ. ಇದು ಅಲರ್ಜಿ. ಆದರೆ ಬಹಳ ಜನರಲ್ಲಿ ಐಜಿಇ ಇದ್ದರೂ ತಿಂದಾಗ ಏನೂ ಆಗುವುದಿಲ್ಲ. ಕೆಲವು ಗಿಡಗಳ ಪರಾಗದ ಪ್ರೋಟೀನು ಆಹಾರದ ಪ್ರೋಟೀನಿನಂತೆಯೇ ಇರುವುದು ಇದಕ್ಕೊಂದು ಕಾರಣ. ಪರಾಗಕ್ಕೆಂದು ತಯಾರಾದ ಐಜಿಇ ಪರೀಕ್ಷೆಯಲ್ಲಿ ಕಾಳಿಗೋ ಹಣ್ಣಿಗೋ ಅಂಟಿಕೊಂಡು 'ಪಾಸಿಟಿವ್' ತೋರಿಸುತ್ತದೆ.

ಇದು ಬದನೆಗಷ್ಟೇ ಸೇರಿದ ಮಾತಲ್ಲ. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಯೋಜನೆಯ ಭಾಗವಾಗಿ ಕರ್ನಾಟಕದಲ್ಲಿ 11,791 ವಯಸ್ಕರನ್ನು ಪ್ರಶ್ನಿಸಿ, ಅವರಲ್ಲಿ 588 ಜನರನ್ನು ವಿವರವಾಗಿ ಪರೀಕ್ಷಿಸಿದ್ದರು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಯಾವುದಾದರೊಂದು ಆಹಾರಕ್ಕೆ ಸಂವೇದನೆ ಇದ್ದವರು ಶೇ. 26.5. ಅಲರ್ಜಿ ಇರಬಹುದಾದವರು ಶೇ. 1.2.

ಈ ಎರಡು ಅಂಕಿಗಳನ್ನು ಇನ್ನೊಮ್ಮೆ ಓದಿ. ನೂರು ಜನರ ರಕ್ತ ತೆಗೆದು ನೋಡಿದರೆ ಕಾಲು ಭಾಗ ಜನರ ರಿಪೋರ್ಟಿನಲ್ಲಿ ಏನಾದರೊಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ತಿಂದು ತೊಂದರೆ ಆಗುವವರು ಒಬ್ಬರೋ ಇಬ್ಬರೋ.

ರಿಪೋರ್ಟು ಮಾಡಿದ ಅವಾಂತರ

ನಮ್ಮತ್ತೆಗೆ ಇದನ್ನು ಯಾರೂ ಹೇಳಿರಲಿಲ್ಲ. ಗೃಹಪ್ರವೇಶದ ಗಲಾಟೆ ಆದ ಮೇಲೆ ಮಗ ಪೇಟೆಯ ಒಂದು ಲ್ಯಾಬಿನಲ್ಲಿ 'ಫುಲ್ ಅಲರ್ಜಿ ಪ್ಯಾನೆಲ್' ಮಾಡಿಸಿದ. ಆಫರ್ ಇತ್ತಂತೆ. ಹದಿನಾಲ್ಕು ಪದಾರ್ಥಗಳಿಗೆ ಪಾಸಿಟಿವ್ ಬಂತು: ಬದನೆಕಾಯಿ, ಹಾಲು, ಗೋಧಿ, ಕಡಲೆಕಾಯಿ, ತೊಗರಿ, ಕಡಲೆ, ಬಾಳೆಹಣ್ಣು, ಹೀಗೆ. ತಿಂದು ಏನಾಯಿತು ಎಂದು ಲ್ಯಾಬಿನವರು ಕೇಳಲಿಲ್ಲ. ಅದು ಅವರ ಕೆಲಸವೂ ಅಲ್ಲ ಬಿಡಿ. ಆದರೆ ರಿಪೋರ್ಟಿನ ಕೊನೆಯಲ್ಲಿ 'ಇವುಗಳನ್ನು ಸೇವಿಸಬಾರದು' ಎಂದು ಅಚ್ಚಾಗಿತ್ತು.

ಅತ್ತೆ ಅಕ್ಷರಶಃ ಪಾಲಿಸಿದರು. ಅವತ್ತು ಬೆಳಿಗ್ಗೆಯವರೆಗೂ ಕುಡಿಯುತ್ತಿದ್ದ ಹಾಲನ್ನು ಬಿಟ್ಟರು. ನಲವತ್ತು ವರ್ಷ ಏನೂ ಆಗದ ತೊಗರಿಬೇಳೆ ಸಾರು ಬಿಟ್ಟರು. ಮುದ್ದೆಗೆ ಬರೀ ಉಪ್ಪು ಖಾರ, ಇಲ್ಲವೇ ಗಂಜಿ. ಎಂಟು ತಿಂಗಳಲ್ಲಿ ಒಂಬತ್ತು ಕೆ.ಜಿ. ಇಳಿದರು. ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಿದರೆ ಏದುಸಿರು. ಮನೆಗೆ ಬಂದವರೆಲ್ಲ "ಸಕ್ಕರೆ ಕಾಯಿಲೆನಾ?" ಎಂದು ಕೇಳುವಂತಾಯಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನಿಜವಾದ ಅಪರಾಧಿ ಆ ಪಟ್ಟಿಯಲ್ಲೇ ಇರಲಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಿಬಿಡುತ್ತೇವೆ. ನೂರು, ಇನ್ನೂರು ಆಹಾರಗಳಿಗೆ ಒಟ್ಟಿಗೆ 'ಫುಡ್ ಇಂಟಾಲರೆನ್ಸ್ ಟೆಸ್ಟ್' ಎಂದು ಮಾರುವುದಿದೆಯಲ್ಲ, ಅವುಗಳಲ್ಲಿ ಎಷ್ಟೋ ನೋಡುವುದು ಐಜಿಇಯನ್ನಲ್ಲ, ಐಜಿಜಿಯನ್ನು. ಐಜಿಜಿ ಅಂದರೆ ಆ ಆಹಾರದ ಪರಿಚಯ ದೇಹಕ್ಕೆ ಇದೆ ಎಂದಷ್ಟೇ ಅರ್ಥ. ದಿನಾ ರಾಗಿ ತಿನ್ನುವವನಿಗೆ ರಾಗಿಯ ಐಜಿಜಿ ಇದ್ದರೆ ಆಶ್ಚರ್ಯ ಏನಿದೆ? ಯುರೋಪು, ಅಮೆರಿಕದ ಅಲರ್ಜಿ ವೈದ್ಯರ ಸಂಘಗಳು ಅಲರ್ಜಿ ಪತ್ತೆಗೆ ಈ ಪರೀಕ್ಷೆ ಬೇಡ ಎಂದು ವರ್ಷಗಳ ಹಿಂದೆಯೇ ಹೇಳಿವೆ. ಹಾಗೆಯೇ, ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಮಾತ್ರ ಆಗುವವರಿಗೆ ಸಾಮಾನ್ಯವಾಗಿ ಇರುವುದು ಲ್ಯಾಕ್ಟೋಸ್ ಜೀರ್ಣವಾಗದ ಸಮಸ್ಯೆ. ಅದು ತೊಂದರೆ ಕೊಡುತ್ತದೆ, ಆದರೆ ಅಲರ್ಜಿಯ ಹಾಗೆ ಜೀವಕ್ಕೆ ಅಪಾಯ ತರುವುದಿಲ್ಲ.

ಚಟ್ನಿಪುಡಿಯ ರಾತ್ರಿ

ನಾಲ್ಕನೆಯ ಸಲ ಆಗಿದ್ದು ಶ್ರೀರಂಗಪಟ್ಟಣದಲ್ಲಿ, ಮಗಳ ಮನೆಯಲ್ಲಿ. ಪಟ್ಟಿಯಲ್ಲಿರುವುದನ್ನೆಲ್ಲ ಬಿಟ್ಟು ಅನ್ನ, ಬೆಂಡೆಕಾಯಿ ಪಲ್ಯ, ಬೀಗರು ಕೊಟ್ಟ ಚಟ್ನಿಪುಡಿ ಬಡಿಸಿದ್ದರು. ಕಾಲು ಗಂಟೆಯಲ್ಲಿ ದದ್ದು, ಮುಖ ಊದಿತು, ಉಸಿರು ಸುಯ್ ಸುಯ್ ಎನ್ನತೊಡಗಿತು. ಬಚ್ಚಲಿಗೆ ಹೋಗಲು ಎದ್ದವರು ಕುಸಿದರು. ಯಾರೋ ಅರಿಶಿನ ತಂದರು, ಯಾರೋ ನಿಂಬೆರಸ ತಂದರು. ಅಳಿಯ 108ಕ್ಕೆ ಫೋನ್ ಮಾಡಿದ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಒಂದು ಕ್ಷಣವೂ ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚಿದರು. ಕೆಲವೇ ನಿಮಿಷಕ್ಕೆ ಉಸಿರು ಸರಾಗ ಆಯಿತು.

ಇದನ್ನು ಅನಾಫಿಲಾಕ್ಸಿಸ್ ಎನ್ನುತ್ತಾರೆ. ಚರ್ಮದ ಜೊತೆಗೆ ಉಸಿರಾಟ, ರಕ್ತದೊತ್ತಡ, ಹೊಟ್ಟೆ ಇವುಗಳಲ್ಲಿ ಇನ್ನೊಂದು ಸೇರಿಕೊಂಡಿತು ಎಂದರೆ ಅದೇ ಎಂದು ತಿಳಿಯಬೇಕು. ಕೆಲವು ಸಲ ದದ್ದು ಇಲ್ಲದೆಯೂ ಬರುತ್ತದೆ. ಇದಕ್ಕೆ ಮೊದಲ ಮದ್ದು ಅಡ್ರಿನಲಿನ್ ಒಂದೇ, ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡಬೇಕು. ಸಿಟ್ರಜಿನ್, ಅವಿಲ್ ಇವು ಕಡಿತವನ್ನು, ದದ್ದನ್ನು ಇಳಿಸುತ್ತವೆ. ಗಂಟಲು ಊದುವುದನ್ನಾಗಲಿ, ರಕ್ತದೊತ್ತಡ ಬೀಳುವುದನ್ನಾಗಲಿ ತಡೆಯುವುದಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳು ಬೇಕು. ಅರಿಶಿನ-ತುಪ್ಪ ಅಂತೂ ಊದಿರುವ ಗಂಟಲಿಗೆ ಇನ್ನೊಂದು ಅಪಾಯ, ಉಸಿರಿಗೆ ಪರದಾಡುವವರ ಬಾಯಿಗೆ ಏನನ್ನೂ ಹಾಕಬಾರದು. ವಾಂತಿ ಮಾಡಿಸಲೂಬಾರದು.

ಕಾಯುವಾಗ ಮಾಡಬೇಕಾದದ್ದು ಇಷ್ಟು: ಮಲಗಿಸಿ, ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಒರಗಿಸಿ ಕೂರಿಸಿ. ನಿಲ್ಲಿಸಬೇಡಿ, ನಡೆಸಬೇಡಿ, ಅತ್ತೆ ಕುಸಿದದ್ದು ಎದ್ದು ನಿಂತಾಗಲೇ. ಬೈಕಿನ ಮಧ್ಯೆ ಕೂರಿಸಿಕೊಂಡು ಹೋಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದೆ. ಬೇರೆ ದಾರಿ ಇದ್ದರೆ ಅದನ್ನು ಬಿಡಿ. ದೊಡ್ಡಾಸ್ಪತ್ರೆಗೇ ಹೋಗೋಣ ಎಂದು ಮಂಡ್ಯಕ್ಕೋ ಮೈಸೂರಿಗೋ ಹೊರಡುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಲಿ. ಅಡ್ರಿನಲಿನ್ ದುಬಾರಿ ಮದ್ದಲ್ಲ, ಅದನ್ನು ಕೊಡಲು ಐಸಿಯು ಬೇಕಿಲ್ಲ. ಸುಧಾರಿಸಿದ ಮೇಲೂ ಕೆಲವು ಗಂಟೆ ಅಲ್ಲೇ ಇರಬೇಕು, ಕೆಲವರಿಗೆ ಎರಡನೇ ಅಲೆ ಬರುವುದುಂಟು.

ಡಾಕ್ಟರು ಕೇಳಿದ ಪ್ರಶ್ನೆಗಳು

ಆಮೇಲೆ ಮೈಸೂರಿನ ಒಬ್ಬ ಅಲರ್ಜಿ ತಜ್ಞರ ಬಳಿ ಹೋದೆವು. ನಾವೂ ಜೊತೆಗಿದ್ದೆವು. ಅವರು ರಿಪೋರ್ಟಿನ ಫೈಲನ್ನು ಪಕ್ಕಕ್ಕೆ ಇಟ್ಟು ಅರ್ಧ ಗಂಟೆ ಮಾತಾಡಿಸಿದರು. ಏನು ತಿಂದಿರಿ, ಎಷ್ಟು ಹೊತ್ತಿಗೆ ಶುರುವಾಯಿತು, ಅವತ್ತು ಮಂಡಿನೋವಿನ ಮಾತ್ರೆ ತೆಗೆದುಕೊಂಡಿದ್ದಿರಾ, ಊಟ ಆದಮೇಲೆ ಹೊಲದಲ್ಲಿ ಕೆಲಸ ಮಾಡಿದಿರಾ, ಅದೇ ಪದಾರ್ಥ ಬೇರೆ ದಿನ ತಿಂದು ಏನೂ ಆಗದೆ ಇದ್ದದ್ದು ಉಂಟಾ?

ಮಾತ್ರೆ, ಹೊಲದ ಕೆಲಸ ಯಾಕೆ ಕೇಳಿದರು ಎಂದು ನಮಗೂ ಆಶ್ಚರ್ಯ ಆಯಿತು. ಕೆಲವರಿಗೆ ಗೋಧಿ ತಿಂದು ಸುಮ್ಮನಿದ್ದರೆ ಏನೂ ಆಗದು, ಚಪಾತಿ ತಿಂದು ಒಂದೆರಡು ಗಂಟೆಯೊಳಗೆ ಓಡಿದರೆ, ಗುದ್ದಲಿ ಹಿಡಿದರೆ ಅನಾಫಿಲಾಕ್ಸಿಸ್ ಆಗುತ್ತದೆ. ನೋವಿನ ಮಾತ್ರೆ, ಮದ್ಯ ಕೂಡ ಹಾಗೆಯೇ ಕಿಡಿ ಹಚ್ಚಬಲ್ಲವು. "ಮೊನ್ನೆ ತಿಂದ್ರೆ ಏನೂ ಆಗ್ಲಿಲ್ವಲ್ಲ" ಎಂಬ ಒಂದೇ ಮಾತಿನಿಂದ ಅಲರ್ಜಿಯನ್ನು ತಳ್ಳಿಹಾಕಲು ಬರುವುದಿಲ್ಲ.

ಅತ್ತೆಯ ವಿಷಯ ಅಷ್ಟು ತೊಡಕಿನದಾಗಿರಲಿಲ್ಲ. ಡಾಕ್ಟರು ಕಾಗದದ ಮೇಲೆ ನಾಲ್ಕು ಊಟವನ್ನೂ ಬರೆದುಕೊಂಡರು. ಎಳ್ಳುಬೆಲ್ಲ. ಪುಳಿಯೋಗರೆ. ಎಣ್ಣೆಗಾಯಿ. ಚಟ್ನಿಪುಡಿ. "ಎಣ್ಣೆಗಾಯಿ ಮಸಾಲೆಗೆ ಏನೇನು ಹಾಕ್ತೀರಮ್ಮ?" ಎಂದರು. ಕಡಲೆಕಾಯಿಬೀಜ, ಕೊಬ್ಬರಿ, ಧನಿಯ, ಒಣಮೆಣಸಿನಕಾಯಿ ಎನ್ನುತ್ತ ಹೋದ ಅತ್ತೆ ಒಂದು ಕಡೆ ನಿಂತರು. ಹುರಿದ ಎಳ್ಳು. ಪುಳಿಯೋಗರೆ ಗೊಜ್ಜಿಗೂ ಅದೇ. ಬೀಗರ ಚಟ್ನಿಪುಡಿಗೂ ಅದೇ. ಗೃಹಪ್ರವೇಶ ಆದಮೇಲೆ ಪಟ್ಟಿ ಬರುವ ತನಕದ ಹದಿನೈದು ದಿನದಲ್ಲಿ ಹಿರಿಯರ ಮಾತು ಮೀರಿ ಎರಡು ಸಲ ಬದನೆಕಾಯಿ ಹುಳಿ ತಿಂದಿದ್ದರಂತೆ, ಏನೂ ಆಗಿರಲಿಲ್ಲವಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಎಳ್ಳನ್ನೇ ಅರೆದು ಮಾಡಿದ ಚುಚ್ಚು ಪರೀಕ್ಷೆಯಲ್ಲಿ ಮುಂಗೈ ಮೇಲೆ ದೊಡ್ಡ ಗುಳ್ಳೆ ಎದ್ದಿತು. ಇಲ್ಲಿ ಪರೀಕ್ಷೆ ಉಪಯೋಗಕ್ಕೆ ಬಂತು, ಯಾಕೆಂದರೆ ಮೊದಲು ಪ್ರಶ್ನೆ ಇತ್ತು. ಕಥೆಯೂ ಪರೀಕ್ಷೆಯೂ ಹೊಂದಿದರೆ ಅಲರ್ಜಿ. ಹೊಂದದಿದ್ದರೆ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರು, ಚಿಟಿಕೆಯಿಂದ ಶುರುಮಾಡಿ ತಿನ್ನಿಸಿ ನೋಡುತ್ತಾರೆ. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ಉಳಿದ ಹದಿಮೂರು ಪದಾರ್ಥಗಳನ್ನು ಲ್ಯಾಬಿನ ಚೀಟಿ ಬರುವ ತನಕ ಅತ್ತೆ ತೊಂದರೆಯಿಲ್ಲದೆ ತಿನ್ನುತ್ತಿದ್ದರೆಂಬುದು ಖಚಿತವಾದ್ದರಿಂದ, ಡಾಕ್ಟರು ಯಾವುದನ್ನು ಯಾವಾಗ ಶುರುಮಾಡಬೇಕೆಂದು ಬರೆದುಕೊಟ್ಟರು. ಬದನೆಕಾಯಿಯನ್ನು ಮಾತ್ರ ಅಲ್ಲೇ ತಿನ್ನಿಸಿ ನೋಡಿದರು. ಏನೂ ಆಗಲಿಲ್ಲ.

ಐವತ್ತು ವರ್ಷ ಎಳ್ಳು ತಿಂದವರಿಗೆ ಈಗ ಅಲರ್ಜಿ ಬರುತ್ತದೆಯೇ? ಬರುತ್ತದೆ. ಅಲರ್ಜಿ ಹುಟ್ಟಿನಿಂದಲೇ ಬರಬೇಕು ಎಂದೇನಿಲ್ಲ.

ಎಳ್ಳಿಲ್ಲದ ಮನೆ

ಎಳ್ಳು ಬಿಡುವುದು ಎಂದರೆ ಹಳೇ ಮೈಸೂರಿನ ಅಡುಗೆಮನೆಯಲ್ಲಿ ಸಣ್ಣ ಕೆಲಸವಲ್ಲ. ಚಿಗಳಿ, ಎಳ್ಳುಂಡೆ ಕಣ್ಣಿಗೆ ಕಾಣುತ್ತವೆ. ಪುಡಿ, ಗೊಜ್ಜು, ಮಸಾಲೆಯಲ್ಲಿ ಅರೆದು ಹೋದದ್ದು ಕಾಣುವುದಿಲ್ಲ. ಬೇಕರಿಯ ಬನ್ನಿನ ಮೇಲೆ ಉದುರಿಸಿರುತ್ತಾರೆ. ಎಳ್ಳೆಣ್ಣೆಯೂ ಬಿಡಬೇಕು. ಗಾಣದ ಎಣ್ಣೆ ಎಲ್ಲಕ್ಕಿಂತ ಶ್ರೇಷ್ಠ ಎಂಬ ಫಾರ್ವರ್ಡುಗಳು ಹೇಳದ ಒಂದು ಸಂಗತಿ ಎಂದರೆ, ಸಂಸ್ಕರಿಸದ ಎಣ್ಣೆಯಲ್ಲಿ ಬೀಜದ ಪ್ರೋಟೀನು ಉಳಿದಿರುತ್ತದೆ. ಅಲರ್ಜಿ ಇದ್ದವರಿಗೆ ಅದೇ ಅಪಾಯ. ಹುಚ್ಚೆಳ್ಳು? ಹೆಸರಿನಲ್ಲಿ ಎಳ್ಳಿದ್ದರೂ ಅದು ಸೂರ್ಯಕಾಂತಿ ಕುಟುಂಬದ ಬೇರೆಯೇ ಗಿಡ. ಅತ್ತೆಗೆ ಅದು ಆಗುತ್ತದೆ ಎಂದು ಪರೀಕ್ಷಿಸಿಯೇ ಒಪ್ಪಿಗೆ ಸಿಕ್ಕಿತು. ಆದರೆ ಅಂಗಡಿಯ ಹುಚ್ಚೆಳ್ಳು ಪುಡಿಗೆ ಬಿಳಿ ಎಳ್ಳು ಬೆರೆತಿರಬಹುದು, ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ.

ಪ್ಯಾಕೆಟ್ ಓದಿದರೆ ಸಾಲದೇ ಎಂದು ಕೇಳಬಹುದು. ನಮ್ಮ ದೇಶದ 2020ರ ಲೇಬಲ್ ನಿಯಮಗಳಲ್ಲಿ ಅಲರ್ಜಿಕಾರಕ ಎಂದು ಪ್ರತ್ಯೇಕವಾಗಿ ನಮೂದಿಸಬೇಕಾದ ಪಟ್ಟಿಯಲ್ಲಿ ಗ್ಲುಟನ್ ಇರುವ ಧಾನ್ಯ, ಸಿಗಡಿ-ಏಡಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಒಂದು ಮಟ್ಟ ಮೀರಿದ ಸಲ್ಫೈಟ್ ಇವೆ. ಎಳ್ಳಿಲ್ಲ, ಕಡಲೆಯಿಲ್ಲ. ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು, 'ಮಸಾಲೆ' ಎಂದಷ್ಟೇ ಇದ್ದರೆ ಬಿಡಬೇಕು. ಸಲ್ಫೈಟ್ ಹೆಸರು ಬಂದದ್ದರಿಂದ ಮಂಡ್ಯದವರಿಗೆ ಒಂದು ಮಾತು: ಬೆಲ್ಲ ಹೊಂಬಣ್ಣ ಬರಲೆಂದು ಆಲೆಮನೆಗಳಲ್ಲಿ ಹಾಕುವ ಹೈಡ್ರೋಸ್ ಈ ಜಾತಿಗೆ ಸೇರಿದ್ದು. ಸಲ್ಫೈಟ್ ಉಳಿದಿದ್ದರೆ ಆಸ್ತಮಾ ಇರುವ ಕೆಲವರಿಗೆ ಉಬ್ಬಸ ಬರಬಹುದು. ಅಂಥವರು ಕಪ್ಪು ಬೆಲ್ಲ ಕೊಳ್ಳುವುದು ವಾಸಿ.

ಇನ್ನು ಭಯದಿಂದ ಮಕ್ಕಳಿಗೆ ಎಲ್ಲವನ್ನೂ ತಡವಾಗಿ ಕೊಡುವ ಯೋಚನೆ. ಅತ್ತೆಯ ಮಗಳೂ ತನ್ನ ಆರು ತಿಂಗಳ ಮಗುವಿಗೆ ಕಡಲೆಕಾಯಿ, ಎಳ್ಳು ಐದು ವರ್ಷ ಬೇಡ ಎಂದು ನಿರ್ಧರಿಸಿದ್ದಳು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ ಇದಕ್ಕೆ ತದ್ವಿರುದ್ಧ ಹೇಳುತ್ತದೆ. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಕಡಲೆಕಾಯಿಯನ್ನು ಮೆತ್ತಗೆ ಮಾಡಿ ತಿನ್ನಿಸಿದರು, ಉಳಿದವಕ್ಕೆ ಕೊಡಲಿಲ್ಲ. ಐದು ವರ್ಷವಾದಾಗ ಅಲರ್ಜಿ ಹೆಚ್ಚು ಇದ್ದದ್ದು ದೂರ ಇಟ್ಟಿದ್ದ ಮಕ್ಕಳಲ್ಲಿ. ಶುರುವಿಗೆ ಚುಚ್ಚು ಪರೀಕ್ಷೆ ನೆಗೆಟಿವ್ ಇದ್ದ ಮಕ್ಕಳಲ್ಲಿ ತಿಂದವರಿಗೆ ಶೇ. 1.9, ತಿನ್ನದವರಿಗೆ ಶೇ. 13.7. ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಜೋರಾದ ಇಸುಬು ಇದ್ದರೆ ಮೊದಲು ಮಕ್ಕಳ ಡಾಕ್ಟರನ್ನು ಕೇಳಿ.

ಮದುವೆಮನೆಯೇ ಅತ್ತೆಗೆ ಎಲ್ಲಕ್ಕಿಂತ ಕಷ್ಟ. "ಒಂದ್ ತುತ್ತು ತಿಂದ್ರೆ ಏನೂ ಆಗಕಿಲ್ಲ ಕಣಕ್ಕ, ಬೇಜಾರ್ ಮಾಡ್ಕೊತಾರೆ" ಎಂದು ಎಲೆಗೆ ಹಾಕಿಬಿಡುತ್ತಾರೆ. ಒಂದು ತುತ್ತಿಗೂ ಆಗುತ್ತದೆ ಎಂದು ಎಷ್ಟು ಸಲ ಹೇಳುವುದು? ಈಗ ಅವರು ಬಡಿಸುವವರನ್ನು ಕೇಳುವುದಿಲ್ಲ, ನೇರ ಅಡುಗೆ ಭಟ್ಟರ ಬಳಿ ಹೋಗುತ್ತಾರೆ. ಭಟ್ಟರಿಗೆ ಯಾವುದಕ್ಕೆ ಏನು ಹಾಕಿದ್ದೇವೆ ಎಂದು ಕರಾರುವಾಕ್ಕಾಗಿ ಗೊತ್ತಿರುತ್ತದೆ. ಅನುಮಾನ ಬಂದರೆ ಮೊಸರನ್ನ ತಿಂದು ಏಳುತ್ತಾರೆ.

ವಿದೇಶಗಳಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಡಾಕ್ಟರು ಆಂಪ್ಯೂಲ್, ಸಿರಿಂಜು ಬರೆದುಕೊಟ್ಟು, ಎಷ್ಟು ಎಳೆಯಬೇಕು, ಎಲ್ಲಿ ಚುಚ್ಚಬೇಕು ಎಂದು ಅಳಿಯನಿಗೂ ಮಗನಿಗೂ ನೀರು ತುಂಬಿಸಿ ಅಭ್ಯಾಸ ಮಾಡಿಸಿದರು. ಪ್ರಮಾಣ ವಯಸ್ಸು, ತೂಕ ನೋಡಿ ಡಾಕ್ಟರೇ ಹೇಳಬೇಕಾದದ್ದು, ಇಲ್ಲಿ ಓದಿ ಮಾಡುವಂಥದ್ದಲ್ಲ. ಅತ್ತೆಯ ಎಲೆಅಡಿಕೆ ಚೀಲದ ಒಳಜೇಬಿನಲ್ಲಿ ಆ ಪುಟ್ಟ ಡಬ್ಬಿ ಇದೆ. ಬಿಸಿಲಿಗೆ ಇಡಬಾರದು, ಮುಗಿಯುವ ದಿನಾಂಕ ನೋಡುತ್ತಿರಬೇಕು. ದಿನಾಂಕವನ್ನು ಮೊಮ್ಮಗಳು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದಾಳೆ.

ಕಳೆದ ಸಂಕ್ರಾಂತಿಗೆ ನಾವು ಹೋಗಿದ್ದೆವು. ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚು, ಕಬ್ಬು, ಕಡಲೆಕಾಯಿ, ಹುರಿಗಡಲೆ, ಕೊಬ್ಬರಿ, ಬೆಲ್ಲ ಇತ್ತು, ಎಳ್ಳೊಂದು ಇರಲಿಲ್ಲ. "ಎಳ್ಳೇ ಇಲ್ವಲ್ಲ ಅಕ್ಕ" ಎಂದು ಪಕ್ಕದ ಮನೆಯಾಕೆ ನಕ್ಕಾಗ, "ನೀ ತಂದಿರೋದನ್ನ ಹೊರಗಡೆ ಜಗಲಿ ಮೇಲಿಡು ತಾಯಿ, ಹುಡುಗ್ರು ತಿಂತವೆ" ಎಂದರು ಅತ್ತೆ. ಮಧ್ಯಾಹ್ನ ಊಟಕ್ಕೆ ಎಣ್ಣೆಗಾಯಿ ಮಾಡಿದ್ದರು, ಬರೀ ಕಡಲೆಕಾಯಿ, ಕೊಬ್ಬರಿ ಹಾಕಿ. ಎಳ್ಳಿಲ್ಲದ್ದಕ್ಕೆ ರುಚಿ ಸ್ವಲ್ಪ ಕಡಿಮೆಯೇ ಇತ್ತು. ಅತ್ತೆ ಎರಡು ಸಲ ಹಾಕಿಸಿಕೊಂಡರು.